ನಡುವಿನ ದಾರಿ ಯಾಕ ಖಾಲಿ?

ಒಬ್ಬರು ಧಾರವಾಡದ ಪಿ.ಬಿ. ರೋಡಿನ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟವರು. ರಸ್ತೆ ಅಗಲವಾದಾಗ ಅಂಗಡಿಯ ಮುಂಭಾಗ ಕಳೆದುಕೊಂಡವರು. ಇನ್ನೊಬ್ಬರು ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ಬಿಲ್ಲು ಪಾಸು ಮಾಡಿ, ಅದಕ್ಕಿಂತ ಹೆಚ್ಚು ಬಿಲ್ಲು ವಾಪಸು ಕಳಿಸಿ ನಿವೃತ್ತರಾದವರು. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ನಡೆದ ಮಾತು ಇದು.

ಸಾವ್ಕಾರರು: ಬರ್ರಿ ಸಾಹೇಬ್ರ, ಕುಂಡ್ರಿ. ನೀವ ಹೇಳ್ರಿ ಈಗ. ರೋಡಿನ ನಟ್ಟನಡಕ ಹುಬ್ಬಳ್ಳಿ–ಧಾರವಾಡದ ನಡುವ ಓಡೋ ಚಿಗರಿ ಬಸ್ಸಿಗೆ ಅಂತ ದಾರಿ ಬಿಟ್ಟಾರ. ಹತ್ತು ನಿಮಿಷದಿಂದ ನೋಡಾಕತ್ತೀನಿ, ಹೋಗಿದ್ದು ಎರಡ ಬಸ್ಸು. ಬಾಜೂಕ ನೋಡ್ರಿ: ಟ್ರಾಕ್ಟರ್, ಟೆಂಪೊ, ಸಾಲಿ ಹುಡುಗೂರ ವ್ಯಾನು, ಬೈಕು, ಎಲ್ಲಾ ಒಂದರ ಮ್ಯಾಲೊಂದು ಬಿದ್ದಾವ. ಆ ಖಾಲಿ ದಾರಿ ಎಲ್ಲಾರಿಗೂ ಬಿಟ್ರ ಯಾರ ಗಂಟು ಹೋಗತೈತ್ರಿ?

ಸಾಹೇಬರು: ಗಂಟಿನ ಲೆಕ್ಕ ನನ್ನ ಕಸುಬು, ಅದನ್ನ ಆಮ್ಯಾಲೆ ಹೇಳ್ತೀನಿ. ಮೊದ್ಲ ನೀವು ಹೇಳ್ರಿ. ಆ ಎರಡು ಬಸ್ಸಿನಾಗ ಎಷ್ಟು ಮಂದಿ ಇದ್ರು, ಎಣಿಸಿದ್ರೇನು?

ಸಾವ್ಕಾರರು: ಮಂದೀನ ಯಾರು ಎಣಸ್ತಾರ್ರೀ? ಗಾಡಿ ಕಣ್ಣಿಗೆ ಕಾಣ್ತಾವ. ಒಳಗ ಕುಂತ ಮಂದಿ ಕಾಣಂಗಿಲ್ಲ.

ಸಾಹೇಬರು: ಜಗಳ ಹುಟ್ಟೋದು ಅಲ್ಲೇ ನೋಡ್ರಿ. 2006ರಾಗ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂತು. ರಸ್ತೆ ಇರೋದು ಮಂದೀನ ಸಾಗಸ್ಲಿಕ್ಕೆ, ಗಾಡೀನ ಸಾಗಸ್ಲಿಕ್ಕೆ ಅಲ್ಲ ಅನ್ನೋದು ಅದರ ತಿರುಳು. ಲೆಕ್ಕಕ್ಕಂತ ಹಿಡೀರಿ, ಎರಡು ನಿಮಿಷಕ್ಕೊಂದು ಬಸ್ ಬಂತು. ತಾಸಿಗೆ 30 ಆತು. ಒಂದರಾಗ 60 ಮಂದಿ ಅಂದ್ರ 1,800. ಇಷ್ಟೇ ಮಂದಿ ಕಾರಿನಾಗ ಹೊಂಟ್ರ, ಕಾರಿಗೆ ಇಬ್ಬರಂತ ಹಿಡದ್ರೂ 900 ಕಾರು. ನಿಮ್ಮ ಅಂಗಡಿ ಮುಂದ ನಾಕು ಸೆಕೆಂಡಿಗೊಂದು ಕಾರು ಹಾಯಬೇಕು, ಒಂದು ತಾಸು ಬಿಡದ. ಆವಾಗ ನೀವು ದಾರಿ ತುಂಬೇದ, ಛಲೋ ಉಪಯೋಗ ಆಗ್ಲಿಕತ್ತದ ಅಂತೀರಿ. ಅಷ್ಟೇ ಮಂದಿ ಬಸ್ಸಿನಾಗ ಹೋದ್ರ ಖಾಲಿ ಅದ ಅಂತೀರಿ.

ಸಾವ್ಕಾರರು: ಸಾಹೇಬ್ರ, ನೀವು ಎರಡು ನಿಮಿಷಕ್ಕೊಂದು ಬಸ್ ಅಂದ್ರಿ. ನಾ ಹತ್ತು ನಿಮಿಷಕ್ಕ ಎರಡು ನೋಡೀನಿ. ನಿಮ್ಮ ಲೆಕ್ಕದ ಪ್ರಕಾರ ಐದು ಬರಬೇಕಿತ್ತು. ಉಳಿದ ಮೂರು ಎಲ್ಲಿ ಹೋದ್ವು?

ಸಾಹೇಬರು: ಸರಿಯಾಗಿ ಹಿಡದ್ರಿ ನನ್ನ. ಆ ಮೂರು ಬಸ್ಸಿನ ಸುದ್ದೀನ ಇವತ್ತು ನಾ ಮಾತಾಡಬೇಕಂತ ಇದ್ದದ್ದು. ದಾರಿ ಹೆಚ್ಚಾಗಿಲ್ಲ ಸಾವ್ಕಾರ್ರ, ಬಸ್ಸು ಕಡಿಮಿ ಅವ. ನೀವು ದಾರಿ ಮ್ಯಾಲ ಸಿಟ್ಟಾಗೀರಿ. ನಾ ಬಜೆಟ್ಟಿನ ಮ್ಯಾಲ ಸಿಟ್ಟಾಗೀನಿ.

ಸಾವ್ಕಾರರು: ಬಜೆಟ್ಟು ಅಂದ್ರ? ರೊಕ್ಕ ಏನು ಕಡಿಮಿ ಸುರದಾರ್ರೀ? ಸಾವಿರ ಕೋಟಿ ಅಂತ ಊರೆಲ್ಲಾ ಮಾತಾಡತೈತಿ.

ಸಾಹೇಬರು: ಸುಮಾರು 970 ಕೋಟಿ. ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿ ಒಂದು ಪಾಲಿಕೆ ಆಗಿದ್ದು 1962ರಾಗ. ಅಲ್ಲಿಂದ ಅರ್ಧ ಶತಮಾನ ಎರಡೂ ಊರಿನ ನಡುವಿನ ಮುಖ್ಯ ದಾರಿ ಇದೇ ಪುಣೆ–ಬೆಂಗಳೂರು ರಸ್ತೆ. ಸರ್ಕಾರಿ ಬಸ್ಸು, ಬೇಂದ್ರೆ ಸಾರಿಗೆಯ ಖಾಸಗಿ ಬಸ್ಸು, ಲಾರಿ, ಟೆಂಪೊ, ಎಲ್ಲಾ ಅದರ ಮ್ಯಾಲೇ. ಆಮ್ಯಾಲೆ ಸುಸ್ಥಿರ ನಗರ ಸಾರಿಗೆ ಯೋಜನೆ ಬಂತು. ವಿಶ್ವಬ್ಯಾಂಕಿನ ಸಾಲ, ಜಾಗತಿಕ ಪರಿಸರ ನಿಧಿಯ ಅನುದಾನ, ಕೇಂದ್ರ ಮತ್ತ ರಾಜ್ಯ ಸರ್ಕಾರದ ಪಾಲು. ಇಂದೋರ್, ಪಿಂಪ್ರಿ-ಚಿಂಚ್‌ವಡ್, ನಯಾ ರಾಯಪುರ, ಮೈಸೂರು ಮತ್ತ ನಮ್ಮ ಹುಬ್ಬಳ್ಳಿ–ಧಾರವಾಡ, ಇಷ್ಟು ಊರು ಅದರಾಗ ಇದ್ವು. 22 ಕಿಲೋಮೀಟರ್ ದಾರಿ ಆತು. 2018ರ ಅಕ್ಟೋಬರ್ 2ಕ್ಕ ಚಿಗರಿ ಓಡ್ಲಿಕ್ಕೆ ಶುರು ಮಾಡಿದ್ವು, 2020ರ ಫೆಬ್ರುವರಿದಾಗ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನಾ ಮಾಡಿದ್ರು. ಎಸಿ ಬಸ್ಸು, ತಾನ ತೆರೀತಿದ್ದ ಬಾಗಲಾ, ಎತ್ತರದ ಕಟ್ಟಿ, ಮೊದಲ ತಗೊಂಡ ಟಿಕೇಟಿನ ಮ್ಯಾಲ ಒಳಗ ಬಿಡೋ ಗೇಟು. ಧಾರವಾಡದ ಮಂದಿ ಹುಬ್ಬಳ್ಳಿಗೆ ಹೋಗಿ ಬಂದು ಒಂದು ವಾರ ಅದನ್ನ ಹೇಳಕೋತ ತಿರಗ್ಯಾರ.

ಸಾವ್ಕಾರರು: ನಾನೂ ಹೇಳೀನಿ, ಸುಳ್ಳು ಯಾಕ ಹೇಳಲಿ. ನಮ್ಮ ಮನೀಯವ್ರು ಹುಬ್ಬಳ್ಳಿಗೆ ಸೀರಿ ತರಾಕ ಹೋದ್ರ ಈಗೂ ಚಿಗರೀನ ಬೇಕಂತಾರ. ಆದ್ರ ನನ್ನ ಅಂಗಡಿ ಮುಂದಿನ ಜಾಗಾ ಹೋತಲ್ರೀ. ಪರಿಹಾರಕ್ಕ ಕಚೇರಿಯಿಂದ ಕಚೇರಿಗೆ ಅಡ್ಡಾಡಿ ಚಪ್ಪಲಿ ಸವದ್ವು. ಮಳಿಗಾಲದಾಗ ಟೋಲ್‌ನಾಕಾದ ಹತ್ರ ನೀರು ನಿಂತು ಕೆರಿ ಆಗತೈತಿ. ರೋಡಿನ ಎರಡೂ ಬಾಜು ಇದ್ದ ಗಿಡ ಎಲ್ಲಾ ಕಡದ್ರು. ನೆರಳಿಲ್ಲ, ಫುಟ್‌ಪಾತ್ ಇದ್ದಲ್ಲೆ ಬೈಕ್ ನಿಂತಾವ. ಮುದುಕ್ರು ಈ ಕಡಿಯಿಂದ ಆ ಕಡಿ ದಾಟಬೇಕಂದ್ರ ದೇವರ ಮ್ಯಾಲ ಭಾರ.

ಸಾಹೇಬರು: ನಿಮ್ಮ ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ, ಒಪ್ಪಿಗೆ ಅಷ್ಟೇ ಅದ. ನಡುವ ನಿಲ್ದಾಣ ಇಟ್ಟ ಮ್ಯಾಲ ಪ್ರತಿಯೊಬ್ಬ ಪ್ರಯಾಣಿಕನೂ ಅರ್ಧ ರಸ್ತೆ ದಾಟಲೇಬೇಕು. ದಾಟೋದನ್ನ ಸುರಕ್ಷಿತ ಮಾಡೋದು ಯೋಜನೆದ ಹೃದಯ ಆಗಬೇಕಿತ್ತು, ಅಂಚಿನ ಕೆಲಸ ಆತು. ಸಪ್ತಾಪುರದಿಂದ, ಕೆಲಗೇರಿಯಿಂದ, ಮಾಳಮಡ್ಡಿಯಿಂದ ನಿಲ್ದಾಣಕ್ಕ ಬರಬೇಕಂದ್ರ ಆಟೋಕ್ಕ ಕೊಡೋ ರೊಕ್ಕ ಹುಬ್ಬಳ್ಳಿಗೆ ಹೋಗೋ ಟಿಕೇಟಿಗಿಂತ ತುಟ್ಟಿ ಬೀಳ್ತದ. ಅಷ್ಟು ಕೊಡೋನು ಬೈಕ್ ತಗೊಂಡ ಹೋಗ್ತಾನ. ಹೋಗಬ್ಯಾಡ ಅಂತ ಹೇಳ್ಲಿಕ್ಕೆ ನಮಗೇನು ಅಧಿಕಾರ?

ಸಾವ್ಕಾರರು: ಹಂಗಾದ್ರ ನೀವೂ ನನ್ನ ಕಡೀನ ಅದೀರಿ.

ಸಾಹೇಬರು: ಅರ್ಧ ದಾರಿತನಕ. ಈಗ ಗಂಟಿನ ಮಾತಿಗೆ ಬರ್ತೀನಿ. ಸರ್ಕಾರದ ಲೆಕ್ಕದಾಗ ಎರಡು ಖಾತೆ. ಒಂದು ಬಂಡವಾಳ: ರಸ್ತೆ, ಕಟ್ಟಡ, ಬಸ್ಸು ಕೊಳ್ಳೋದು. ಇನ್ನೊಂದು ರಾಜಸ್ವ: ಪಗಾರ, ಡೀಸೆಲ್, ರಿಪೇರಿ, ಕಸ ಹೊಡೆಯೋದು. ಬಂಡವಾಳಕ್ಕ ಸಾಲ ಸಿಗ್ತದ. ವಾಷಿಂಗ್ಟನ್ನಿನಿಂದಲೂ ಸಿಗ್ತದ, ದಿಲ್ಲಿಯಿಂದಲೂ ಸಿಗ್ತದ. ಅದಕ್ಕ ಕಲ್ಲು ಹಾಕಬಹುದು, ರಿಬ್ಬನ್ ಕತ್ತರಿಸಬಹುದು, ಫೋಟೋ ತಗಸಬಹುದು. ಬಸ್ಸಿನ ಟಾಯರ್ ಬದಲಿ ಮಾಡಿದ್ದಕ್ಕ ಯಾವ ಮಂತ್ರಿನೂ ರಿಬ್ಬನ್ ಕತ್ತರಿಸಿದ್ದು ನಾ ನೋಡಿಲ್ಲ. ನಮ್ಮ ಕಡೆ ಗೌಳಿಗರಿಗೆ ಇದು ಚಲೋ ಗೊತ್ತು. ಎಮ್ಮಿ ಕೊಳ್ಳಲಿಕ್ಕೆ ಸೊಸೈಟಿ ಸಾಲ ಕೊಡ್ತದ, ದಿನಾ ಹಾಕೋ ಹೊಟ್ಟು-ಹಿಂಡಿಗೆ ಯಾರೂ ಕೊಡಂಗಿಲ್ಲ. ಹಿಂಡಿ ಬಿಟ್ರ ಎಮ್ಮಿ ಹಾಲು ಕೊಡೋದು ಬಿಡ್ತದ. ಆಮ್ಯಾಲೆ ಮಂದಿ ಅಂತಾರ, ಎಮ್ಮೀನ ಸರಿ ಇರಲಿಲ್ಲ, ಮಾರಿಬಿಡ್ರಿ.

ಸಾವ್ಕಾರರು: ಹಿಂಡಿ ಹಾಕೋರು ಯಾರೀಗ?

ಸಾಹೇಬರು: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಹುಬ್ಬಳ್ಳಿದಾಗ ಕಚೇರಿ, 1997ರಾಗ ಬ್ಯಾರೆ ಆದ ನಿಗಮ. ಹಳ್ಳಿ ಹಳ್ಳಿಗೂ ಬಸ್ ಬಿಡಬೇಕು, ಅದರಾಗ ಲಾಭ ಇಲ್ಲ. ಮ್ಯಾಲ ಚಿಗರಿ. ಎಸಿ ಬಸ್ಸಿನ ಖರ್ಚು ತುಟ್ಟಿ, ಬಿಡಿಭಾಗ ತುಟ್ಟಿ. ನಿಲ್ದಾಣದ ದೀಪ, ಗೇಟು, ಕಾವಲುಗಾರ, ಲಿಫ್ಟು, ಸಿಗ್ನಲ್ಲು, ಎಲ್ಲಾದಕ್ಕೂ ದಿನಾ ರೊಕ್ಕ. 2018ರಾಗ ಹೊಸಾದಾಗಿದ್ದ ಬಸ್ಸು ಇವತ್ತು ಹಳೇದು. ಒಂದು ಬಸ್ ಕೆಟ್ಟು ಡಿಪೋದಾಗ ನಿಂತ್ರ ಇನ್ನೊಂದರಾಗ ಮಂದಿ ಜೋತಾಡ್ತಾರ, ಜೋತಾಡಿ ಬ್ಯಾಸತ್ತವ ಬೈಕ್ ಕೊಳ್ತಾನ. ನಿಮ್ಮ ಅಂಗಡಿ ಮುಂದಿನ ಗದ್ದಲಕ್ಕ ಇನ್ನೊಂದು ಗಾಡಿ ಸೇರ್ತದ. ನಡುವಿನ ದಾರಿ ಇನ್ನೂ ಖಾಲಿ ಕಾಣ್ತದ. ನೀವು ಇನ್ನೂ ಜೋರಾಗಿ ಕೇಳ್ತೀರಿ, ಬಿಡ್ರಿ ನಮಗ ಅಂತ.

ಸಾವ್ಕಾರರು: ಟಿಕೇಟ್ ರೊಕ್ಕದಾಗ ನಡೀಬೇಕಪಾ. ನನ್ನ ಅಂಗಡಿ ನನ್ನ ಗಿರಾಕಿ ರೊಕ್ಕದಾಗ ನಡೀತೈತಿ. ಸರ್ಕಾರ ನನಗೇನು ಕೊಡಂಗಿಲ್ಲ.

ಸಾಹೇಬರು: ನಿಮ್ಮ ಅಂಗಡಿ ಲಾಭ ನಿಮಗಷ್ಟೇ. ಬಸ್ಸಿನ ಲಾಭ ಬಸ್ ಹತ್ತದವರಿಗೂ ಹೋಗ್ತದ. ನೀವು ಬಸ್ ಹತ್ತಂಗಿಲ್ಲ. ಆದ್ರ ಆ ಬಸ್ಸಿನಾಗ ಕುಂತ ಮಂದಿ ನಾಳೆ ಗಾಡಿ ತಗೊಂಡು ಬಂದ್ರ ನಿಮ್ಮ ಟೆಂಪೊ ಮಾಲು ಇಳಸ್ಲಿಕ್ಕೆ ಜಾಗಾ ಸಿಗಂಗಿಲ್ಲ. ನೀವು ಆ ಉಪಕಾರಕ್ಕ ಒಂದು ಪೈಸಾನೂ ಕೊಡದ ಕುಂತೀರಿ. ಟಿಕೇಟ್ ಏರಸಿದ್ರ ಆ ಉಪಕಾರ ಮಾಡೋರಿಗೇ ದಂಡ ಹಾಕಿದಂಗ. 2025ರ ಜನವರಿದಾಗ ರಾಜ್ಯದ ಬಸ್ ದರ ನೂರಕ್ಕ 15 ಏರಿತು. ಅದಾಗಿ ಮೂರ ತಿಂಗಳಿಗೆ, ಏಪ್ರಿಲ್‌ದಾಗ, ಡೀಸೆಲ್ ಮ್ಯಾಲಿನ ಮಾರಾಟ ತೆರಿಗಿ ನೂರಕ್ಕ 18.44 ಇದ್ದದ್ದು 21.17 ಆತು. ಬಸ್ಸೂ ಅದೇ ಡೀಸೆಲ್ ಮ್ಯಾಲ ಓಡತಾವ. ಒಂದು ಕೈಯಿಂದ ಸರ್ಕಾರ ನಿಗಮಕ್ಕ ಕೊಡ್ತದ, ಇನ್ನೊಂದು ಕೈಯಿಂದ ಡೀಸೆಲ್ ಟ್ಯಾಂಕಿನಾಗಿಂದ ತಗೀತದ.

ಸಾವ್ಕಾರರು: ಕೊಡತೈತಿ ಅಂದ್ರಿ. ಶಕ್ತಿ ಯೋಜನೆ ಸುದ್ದಿ ಏನು? ಹೆಣ್ಮಕ್ಕಳಿಗೆ ಪುಕ್ಕಟೆ ಅಂತ ಮಾಡಿ ನಿಗಮ ಮುಳುಗಿಸ್ಯಾರ ಅಂತಾರ.

ಸಾಹೇಬರು: ನಾ ಉಲ್ಟಾ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. 2023ರ ಜೂನ್ 11ಕ್ಕ ಶಕ್ತಿ ಶುರು ಆತು. ಅವತ್ತು ಈ ರಾಜ್ಯದಾಗ ಒಂದು ದೊಡ್ಡ ಮಾತು ಆತು, ಯಾರೂ ಗಮನಿಸಲಿಲ್ಲ. ಬಸ್ ಕೊಳ್ಳಲಿಕ್ಕೆ ಅಲ್ಲ, ಬಸ್ಸಿನಾಗ ಮಂದಿ ಓಡಾಡಿದ್ದಕ್ಕ ಸರ್ಕಾರ ವರ್ಷಾ ವರ್ಷಾ ರೊಕ್ಕ ಕೊಡ್ತೀನಿ ಅಂತ ಒಪ್ಪಿಕೊಂಡಿತು. ಸೊನ್ನೆ ಟಿಕೇಟು ಹರದಷ್ಟು ರೊಕ್ಕ ನಿಗಮಕ್ಕ ಬರಬೇಕು. ಹಿಂಡಿಗೆ ಖಾತೆ ತಗದಂಗ ಆತು. ನಿಗಮ ಮುಳುಗೋದು ಪುಕ್ಕಟೆ ಕೊಟ್ಟಿದ್ದಕ್ಕ ಅಲ್ಲ, ಕೊಡ್ತೀನಿ ಅಂದ ರೊಕ್ಕ ಬಾಕಿ ಉಳಿಸಿದ್ದಕ್ಕ. ಬಾಕಿ ಸುದ್ದಿ ನೀವೂ ಪೇಪರಿನಾಗ ಓದ್ತೀರಿ. ನಾ ಬಿಲ್ ಪಾಸ್ ಮಾಡಿದವ. ತಡಾ ಮಾಡಿದ ಬಿಲ್ಲು ಕೊಡದ ಬಿಲ್ಲಿಗೆ ಅಣ್ಣ ಇದ್ದಂಗ.

ಸಾವ್ಕಾರರು: ಆತು, ಬೆಂಗಳೂರಿಗೆ ಹೋಗೂಣ. ಅಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಾಗ ಸುರಂಗ ಕೊರೀತಾರಂತ. ಅದಕ್ಕ ರೊಕ್ಕ ಐತಿ, ನಮ್ಮ ಬಸ್ಸಿನ ಟಾಯರಿಗೆ ಇಲ್ಲ?

ಸಾಹೇಬರು: ಹದಿನೇಳು ಕಿಲೋಮೀಟರಿನ ಹತ್ರ ಹತ್ರ ಉದ್ದ, 17 ಸಾವಿರ ಕೋಟಿಗಿಂತ ಹೆಚ್ಚು ಅಂದಾಜು. ಕಿಲೋಮೀಟರಿಗೆ ಸಾವಿರ ಕೋಟಿ. ನಮ್ಮ 22 ಕಿಲೋಮೀಟರ್ ಇಡೀ ದಾರಿಗೆ ಬಿದ್ದ ರೊಕ್ಕ ಅಲ್ಲಿ ಒಂದ ಕಿಲೋಮೀಟರ್ ದಾಟಂಗಿಲ್ಲ. ಕಾಲ ಬ್ಯಾರೆ, ಬೆಲೆ ಏರೇದ, ಅದನ್ನೆಲ್ಲಾ ಕಳದ್ರೂ ಫರಕು ಹಂಗ ಉಳೀತದ. ಅದೂ ಯಾರಿಗೆ? ಕಾರಿಗೆ. ಸುರಂಗದಾಗ ಹೋದ ಕಾರು ಕಡೀಕ ಮ್ಯಾಲೆ ಬರಲೇಬೇಕು, ಬಂದು ಅದೇ ಸಿಗ್ನಲ್ಲಿನಾಗ ನಿಲ್ಲಬೇಕು. 2016ರಾಗ ಅದೇ ಹೆಬ್ಬಾಳಕ್ಕ ಉಕ್ಕಿನ ಸೇತುವೆ ಕಟ್ತೀವಿ ಅಂದ್ರು. ಬೆಂಗಳೂರಿನ ಮಂದಿ ಕೈ ಕೈ ಹಿಡಕೊಂಡು ರಸ್ತೆಗೆ ನಿಂತು ಬ್ಯಾಡ ಅಂದ್ರು, ಮರುವರ್ಷ ಸರ್ಕಾರ ಕೈಬಿಟ್ಟಿತು. ಮ್ಯಾಲೆ ಬ್ಯಾಡ ಅಂದದ್ದು ಈಗ ಕೆಳಗ ಬಂದದ. ಉಪನಗರ ರೈಲು ನೋಡ್ರಿ: 148 ಕಿಲೋಮೀಟರಿಗೆ 15,767 ಕೋಟಿ ಅಂತ 2020ರಾಗ ಕೇಂದ್ರ ಸಂಪುಟ ಒಪ್ಪಿತು, 2022ರ ಜೂನ್‌ದಾಗ ಕಲ್ಲು ಬಿತ್ತು, 40 ತಿಂಗಳು ಅಂದ್ರು. ಆ 40 ತಿಂಗಳು ಮುಗದೂ ಮುಗದಾವ.

ಸಾವ್ಕಾರರು: ನಮ್ಮ ಕಡೆ ಕನಿಷ್ಠ ಕಟ್ಟಿ ತೋರಿಸ್ಯಾರ ಅನ್ನಿ.

ಸಾಹೇಬರು: ಅದಕ್ಕ ಹೇಳೋದು, ಕಟ್ಟಿದ್ದನ್ನ ಒಡೀಬ್ಯಾಡ್ರಿ. ಇಂದೋರಿನ ಕಥಿ ಕೇಳ್ರಿ. ನಮ್ಮ ಜೋಡೀನ ಅದೇ ಯೋಜನೆದಾಗ ಇದ್ದ ಊರು. 2013ರಾಗ ಹನ್ನೊಂದೂವರೆ ಕಿಲೋಮೀಟರ್ ದಾರಿ ಶುರು ಮಾಡಿದ್ರು. ಬಾಜೂದ ಗಾಡಿಯವ್ರು ನಿಮ್ಮಂಗ ಕೇಳಿದ್ರು, ಖಾಲಿ ದಾರಿ ಯಾಕ ಅಂತ. ಕೋರ್ಟಿಗೆ ಹೋದ್ರು. 2025ರಾಗ ಹೈಕೋರ್ಟು ಕಿತ್ತಿ ಹಾಕ್ಲಿಕ್ಕೆ ಒಪ್ಪಿಗಿ ಕೊಟ್ಟಿತು. ಅದಕ್ಕಿಂತ ಮೊದ್ಲ, 2024ರಾಗ, ಭೋಪಾಲದಾಗ ಕಿತ್ತಿದ್ರು. ದಿಲ್ಲಿದಾಗ 2008ರಾಗ ಕಟ್ಟಿದ್ದು 2016ರಾಗ ಕಿತ್ತಿದ್ರು. ಕಟ್ಟಲಿಕ್ಕೂ ಸರ್ಕಾರದ ರೊಕ್ಕ, ಒಡೀಲಿಕ್ಕೂ ಸರ್ಕಾರದ ರೊಕ್ಕ. ಒಡೀಲಿಕ್ಕೆ ರೊಕ್ಕ ಹುಟ್ತದ, ನೋಡ್ರಿ! ನಡಸ್ಲಿಕ್ಕೆ ಹುಟ್ಟಂಗಿಲ್ಲ. ಅಹಮದಾಬಾದಿನಾಗ 2009ರಾಗ ಶುರು ಮಾಡಿದ್ದು ಇನ್ನೂ ಓಡ್ತದ.

ಸಾವ್ಕಾರರು: ಹೊಗಿ, ದೂಳಿನ ಮಾತು ನೀವು ತಗೀಲೇ ಇಲ್ಲ. ನನ್ನ ಅಂಗಡಿ ಪೇಂಟ್ ಡಬ್ಬಿ ಮ್ಯಾಲ ದಿನಾ ಒಂದು ಪದರ ಕೂಡತೈತಿ. ಅದಕ್ಕೂ ಏನೋ ಸರ್ಕಾರದ ಯೋಜನೆ ಐತೆಲ್ರೀ?

ಸಾಹೇಬರು: ಅದ. 2019ರಾಗ ಬಂದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ. ಗಾಳಿ ಮಟ್ಟ ತಪ್ಪಿದ ಊರುಗಳ ಪಟ್ಟಿದಾಗ ಕರ್ನಾಟಕದವು ನಾಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತ ಹೆಮ್ಮೆ ಪಡ್ರಿ, ಹುಬ್ಬಳ್ಳಿ–ಧಾರವಾಡ. ಆ ಕಾರ್ಯಕ್ರಮದ ರೊಕ್ಕ ದೇಶದಾಗ ಎಲ್ಲಿ ಹೋತು ಅಂತ ನೋಡಿದ್ರ ಅರ್ಧಕ್ಕಿಂತ ಹೆಚ್ಚು ರಸ್ತೆ ದೂಳಿಗೆ. ಕಸಬರಗಿ ಯಂತ್ರ, ನೀರು ಸಿಂಪಡಿಸೋ ಲಾರಿ, ಚೌಕದಾಗ ಕಾರಂಜಿ. ಗಾಡಿ ಹೊಗಿ ಕಡಿಮಿ ಮಾಡ್ಲಿಕ್ಕೆ ಹೋಗಿದ್ದು ಅದರ ಮುಂದ ಏನೂ ಅಲ್ಲ. ದೂಳು ಕಣ್ಣಿಗೆ ಕಾಣ್ತದ, ಅದಕ್ಕ ಅದರ ಮ್ಯಾಲ ಯುದ್ಧ. ಬಸ್ಸಿನಾಗಿನ ಮಂದಿ ಕಾಣಂಗಿಲ್ಲ ಅಂದ್ರೆಲ್ಲ, ಹೊಗಿನೂ ಹಂಗ. ಪುಪ್ಪುಸಕ್ಕ ಇಳಿಯೋ ಸಣ್ಣ ಕಣ ಕಾಣಂಗಿಲ್ಲ.

ಸಾವ್ಕಾರರು: ಕರೆಂಟ್ ಬಸ್ ಬಂದ್ರ ಮುಗೀತಲ್ಲ?

ಸಾಹೇಬರು: ಹೊಗಿ ಮಟ್ಟಿಗೆ ಹೌದು, ಗದ್ದಲದ ಮಟ್ಟಿಗೆ ಅಲ್ಲ. ಕರೆಂಟ್ ಕಾರು ನಿಂತ್ರೂ ರಸ್ತೆದಾಗ ಪೆಟ್ರೋಲ್ ಕಾರಿನಷ್ಟೇ ಜಾಗಾ ಹಿಡೀತದ. ಆದ್ರ ಒಂದು ಮಾತು ಚಲೋ ಆಗೇದ. 2023ರ ಆಗಸ್ಟ್‌ದಾಗ ಕೇಂದ್ರ ಸಂಪುಟ ಪಿಎಂ-ಇಬಸ್ ಸೇವಾ ಅಂತ ಒಪ್ಪಿತು. 10 ಸಾವಿರ ಬಸ್ಸು, ಕೇಂದ್ರದ ಪಾಲು 20 ಸಾವಿರ ಕೋಟಿ. ನನಗ ಸೇರಿದ್ದು ಬಸ್ಸಿನ ಸಂಖ್ಯೆ ಅಲ್ಲ. ಬಸ್ಸು ಓಡಿದಷ್ಟು ಕಿಲೋಮೀಟರಿಗೆ ಇಂತಿಷ್ಟು ಅಂತ ಹತ್ತು ವರ್ಷ ಕೊಡ್ತೀವಿ ಅಂದಾರ. ಓಡದ ಬಸ್ಸಿಗೆ ರೊಕ್ಕ ಇಲ್ಲ. ಹತ್ತು ವರ್ಷದ ಮಾತನ್ನ ದಿಲ್ಲಿ ಆಡಿದ್ದು ಬಸ್ಸಿನ ವಿಷಯದಾಗ ಅಪರೂಪ. ದೇಶಕ್ಕೆಲ್ಲಾ ಬಸ್ ಕಟ್ಟಿ ಕಳಸೋ ಕಾರ್ಖಾನಿ ಇಲ್ಲೇ ನಮ್ಮ ಬೇಲೂರು ಕೈಗಾರಿಕಾ ಪ್ರದೇಶದಾಗ ಅದ. ಅದರ ಗೇಟಿನ ಮುಂದ ಕೆಲಸ ಮುಗಿಸಿ ಬಸ್ ಕಾಯಕೋತ ನಿಲ್ಲೋರನ್ನ ನೋಡಿದ್ರ ನಗಬೇಕೋ ಅಳಬೇಕೋ ತಿಳಿಯಂಗಿಲ್ಲ.

ಸಾವ್ಕಾರರು: ದಿಲ್ಲಿಯವ್ರು ಹತ್ತು ವರ್ಷ ಕೊಟ್ರು ಅನ್ನಿ. ಹನ್ನೊಂದನೇ ವರ್ಷ?

ಸಾಹೇಬರು: ಹನ್ನೊಂದನೇ ವರ್ಷದ ರೊಕ್ಕ ಊರೇ ದುಡೀಬೇಕು. ಈಗ ನಿಮಗ ಸಿಟ್ಟು ಬರೋ ಮಾತು ಬಂತು. ನಿಮ್ಮ ಅಂಗಡಿ ಮುಂದ ಎಂಟು ಬೈಕು, ಎರಡು ಕಾರು ನಿಂತಾವ. ಆ ಜಾಗಾ ಯಾರ್ದು?

ಸಾವ್ಕಾರರು: ನನ್ನ ಗಿರಾಕಿಗಳದು!

ಸಾಹೇಬರು: ಗಾಡಿ ಗಿರಾಕಿದು. ಜಾಗಾ ಪಾಲಿಕೆದು. ಧಾರವಾಡದಾಗ ಒಂದು ಖೋಲಿ ಬಾಡಗಿ ಎಷ್ಟದ ನಿಮಗ ಗೊತ್ತು. ಮನುಷ್ಯ ಮಲಗ್ಲಿಕ್ಕೆ ಬಾಡಗಿ ಕೊಡಬೇಕು, ಕಾರು ಮಲಗ್ಲಿಕ್ಕೆ ಪುಕ್ಕಟೆ. ತಾಸಿಗೆ ಇಷ್ಟಂತ ವಸೂಲು ಮಾಡಿ, ಅದರ ಒಂದೊಂದು ಪೈಸಾ ಬಸ್ಸಿಗೆ, ಫುಟ್‌ಪಾತಿಗೆ ಹಾಕ್ರಿ ಅಂತೀನಿ. ಲಂಡನ್ನಿನಾಗ 2003ರ ಫೆಬ್ರುವರಿ 17ಕ್ಕ ಊರ ನಡುವಿಗೆ ಬರೋ ಗಾಡಿಗೆ ದಿನಕ್ಕ 5 ಪೌಂಡ್ ಹಾಕಿದ್ರು. ಬಂದ ರೊಕ್ಕ ಸಾರಿಗೆಗೇ ಹೋಗಬೇಕು ಅಂತ ಕಾಯಿದೆದಾಗ ಮೊದಲ ಬರದಿಟ್ಟಿದ್ರು. ಇನ್ನೊಂದು ಮುಖ್ಯ ಮಾತು, ಶುಲ್ಕ ಶುರುವಾದ ದಿನವೇ ಸುಮಾರು 300 ಬಸ್ಸು ಹೆಚ್ಚಿಗೆ ಬಿಟ್ರು. ಮೊದ್ಲ ಕೊಟ್ರು, ಆಮ್ಯಾಲೆ ಕೇಳಿದ್ರು.

ಸಾವ್ಕಾರರು: ಲಂಡನ್ನಿನ ಮಾತು ಲಂಡನ್ನಿಗೆ. ಇಲ್ಲೆ ಹತ್ತು ರೂಪಾಯಿ ಪಾರ್ಕಿಂಗ್ ಅಂದ್ರ ಗಿರಾಕಿ ಮುಂದಿನ ಓಣಿ ಅಂಗಡಿಗೆ ಹೋಗ್ತಾನ. ಸಣ್ಣ ವ್ಯಾಪಾರದವನ ಕೊಳ್ಳಿಗೆ ಯಾಕ ಬರ್ತೀರಿ? ದೊಡ್ಡೋರನ್ನ ಹಿಡೀರಿ.

ಸಾಹೇಬರು: ಹಿಡೀಲಿಕ್ಕೂ ದಾರಿ ಅವ. ಫ್ರಾನ್ಸಿನಾಗ 1971ರಿಂದ ಪ್ಯಾರಿಸ್ ಸೀಮೆದಾಗ, ಆಮ್ಯಾಲೆ ಉಳಿದ ಊರುಗಳಾಗ, ಕೆಲಸಗಾರರನ್ನ ಇಟ್ಟುಕೊಂಡ ಸಂಸ್ಥೆಗಳು ಪಗಾರದ ಒಂದು ಪಾಲನ್ನ ಊರಿನ ಸಾರಿಗೆಗೆ ಕೊಡಬೇಕು. ಸಣ್ಣ ಅಂಗಡಿಯವರಿಗೆ ಇಲ್ಲ, ಇಂತಿಷ್ಟು ಮಂದಿಗಿಂತ ಹೆಚ್ಚು ಕೆಲಸಕ್ಕಿಟ್ಟುಕೊಂಡವರಿಗೆ. ನಮ್ಮ ಊರಾಗ ವಿಶ್ವವಿದ್ಯಾಲಯಗಳು, ದೊಡ್ಡ ದವಾಖಾನಿ, ಕಾಲೇಜು, ಕಾರ್ಖಾನಿ ಎಲ್ಲಾ ಇದೇ ದಾರಿ ಗುಂಟ ಕುಂತಾವ. ಸತ್ತೂರಿನಿಂದ ವಿದ್ಯಾನಗರದತನಕ ನೋಡ್ರಿ. ಬಸ್ ಬಂದ ಮ್ಯಾಲ ಅವರ ಜಾಗಾದ ಬೆಲೆ ಏರಿತು. ಏರಿದ್ದರಾಗ ಬಸ್ಸಿಗೆ ಏನೂ ಬರಲಿಲ್ಲ. ಹೊಸ ಕಾರು ಕೊಂಡ್ರ ಇಲ್ಲೇ ಆರ್‌ಟಿಒ ಕಚೇರಿದಾಗ ಆಜೀವ ತೆರಿಗಿ ಕಟ್ತೀರಿ, ದೇಶದಾಗ ಭಾರಿ ತೆರಿಗಿ ಹಾಕೋ ರಾಜ್ಯಗಳಾಗ ನಮ್ಮದೂ ಒಂದು. ಅದು ಸೀದಾ ರಾಜ್ಯದ ಖಜಾನಿಗೆ ಹೋಗ್ತದ. ಆ ಕಾರು ತುಂಬೋ ಊರಿನ ಬಸ್ಸಿಗೆ ಇಂತಿಷ್ಟು ಪಾಲು ಅಂತ ಕಟ್ಟಳೆ ಇದ್ರ, ಪಾರ್ಕಿಂಗಿನ ಹತ್ತು ರೂಪಾಯಿಗೆ ನಾ ನಿಮ್ಮ ಜೋಡಿ ಇಷ್ಟು ಹೊತ್ತು ಜಗಳಾಡತಿರಲಿಲ್ಲ.

ಸಾವ್ಕಾರರು: ಕಾರಿನ ತೆರಿಗಿ ಪಾಲು ಬರಲಿ, ಅದಕ್ಕ ನನ್ನ ತಕರಾರಿಲ್ಲ. ಪಾರ್ಕಿಂಗ್ ರೊಕ್ಕಕ್ಕ ಐತಿ. ರೊಕ್ಕಕ್ಕಿಂತ ಹೆಚ್ಚು ನಂಬಿಕಿ ಇಲ್ಲ. ರೋಡ್ ಸೆಸ್, ಕಸದ ಸೆಸ್, ಗ್ರಂಥಾಲಯದ ಸೆಸ್, ಎಲ್ಲಾ ಕಟ್ಟೀನಿ. ಅದು ಎಲ್ಲಿ ಹೋತು ಅಂತ ಯಾರಾದ್ರೂ ಒಂದು ದಿನ ಬಂದು ಹೇಳ್ಯಾರೇನ್ರೀ?

ಸಾಹೇಬರು: ಇಲ್ಲ. ಸೆಸ್ ವಸೂಲಿ ಮಾಡಿ ಸಂಬಂಧಪಟ್ಟವರಿಗೆ ಕಳಸದ ಇಟ್ಟುಕೊಂಡಿದ್ದನ್ನ ಕಡತದಾಗ ನಾ ಕಣ್ಣಾರೆ ನೋಡೀನಿ. ಆಕ್ಷೇಪಣಾ ಬರೀತಿದ್ವಿ, ಉತ್ತರ ಬರತಿರಲಿಲ್ಲ, ಮರುವರ್ಷ ಅದೇ ಆಕ್ಷೇಪಣಾ ಮತ್ತ ಬರೀತಿದ್ವಿ. ನಿಮ್ಮ ಅಪನಂಬಿಕಿಗೆ ಕಾರಣ ಅದ.

ಸಾವ್ಕಾರರು: ಹಂಗಾದ್ರ ನನ್ನ ಮಾತು ಕೇಳ್ರಿ. ಮೊದ್ಲ ಟೋಲ್‌ನಾಕಾದ ನೀರು ಹೋಗಾಕ ಗಟಾರ ಮಾಡ್ಲಿ. ದಾಟೋ ಕಡೆ ಸಿಗ್ನಲ್ ಹಾಕಿ ಮುದುಕ್ರು, ಹುಡುಗೂರು ದಾಟುವಷ್ಟು ಹೊತ್ತು ಕೆಂಪು ದೀಪ ಇಡ್ಲಿ. ಓಣಿಗಳಿಗೆ ಸಣ್ಣ ಬಸ್ ಬಿಡ್ಲಿ. ನಿಮ್ಮ ಲಂಡನ್ನಿನವ್ರು ಮೊದ್ಲ ಬಸ್ ಬಿಟ್ಟು ಆಮ್ಯಾಲೆ ಕೇಳಿದ್ರಂದ್ರಿ, ಇಲ್ಲೂ ಹಂಗ ಮಾಡ್ಲಿ. ಆಮ್ಯಾಲೆ ಪಾರ್ಕಿಂಗ್ ರೊಕ್ಕ ಕೇಳ್ಲಿ, ನಾ ಕೊಡ್ತೀನಿ, ಗಿರಾಕಿಗೂ ಕೊಡಾಕ ಹೇಳ್ತೀನಿ. ಆದ್ರ ಪಾವತಿ ಮ್ಯಾಲ ಇದು ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಅಂತ ಅಚ್ಚಾಗಿರಬೇಕು. ವರ್ಷಕ್ಕೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಪಾಲಿಕೆ ಗ್ವಾಡಿ ಮ್ಯಾಲ ಅಂಟಿಸಬೇಕು. ಅಲ್ಲೀತನಕ ಮಾತ್ರ ನಡುವಿನ ದಾರಿ ನಮಗ ಬಿಡ್ರಿ ಅನ್ನೋ ಅರ್ಜಿಗೆ ಸಹಿ ಹಾಕವ ನಾ.

ಸಾಹೇಬರು: ಹಾಕ್ರಿ, ಅದು ನಿಮ್ಮ ಹಕ್ಕು. ನಾ ಹಾಕಂಗಿಲ್ಲ. ದಾರಿ ಬಿಟ್ರ ಬಾಜೂದ ಗದ್ದಲ ಎರಡು ವರ್ಷದಾಗ ನಡಕ ಬರ್ತದ, ಚಿಗರಿನೂ ಅದರಾಗ ಸಿಕ್ಕು ನಿಲ್ತದ, ಆಮ್ಯಾಲೆ ಇನ್ನೊಂದು ದಾರಿ ಕಟ್ಟಲಿಕ್ಕೆ ಜಾಗಾ ಎಲ್ಲದ? ಅದರ ಬದಲಿ ಇನ್ನೊಂದು ಅರ್ಜಿ ಬರಿಯೂಣ. ನೀವು ಹೇಳಿದ ಗಟಾರ, ಸಿಗ್ನಲ್ಲು, ಸಣ್ಣ ಬಸ್ಸು ಎಲ್ಲಾ ಅದರಾಗ ಇರಲಿ. ಕೆಳಗ ನಂದೊಂದು ಸಾಲು ಸೇರಸ್ರಿ: ರಾಜ್ಯದ ಬಜೆಟ್ಟಿನಾಗ ಊರ ಬಸ್ಸು ಓಡಸೋ ಖರ್ಚಿಗೆ ಅಂತ ಪ್ರತಿವರ್ಷದ ಒಂದು ಲೆಕ್ಕ ಶೀರ್ಷಿಕೆ ತಗೀರಿ, ಮೋಟಾರು ತೆರಿಗಿಯ ಗೊತ್ತಾದ ಪಾಲು ಅದಕ್ಕ ಜಮಾ ಮಾಡ್ರಿ, ಮೂರು ತಿಂಗಳಿಗೊಮ್ಮೆ ಬಾಕಿ ಇಲ್ಲದ ನಿಗಮಕ್ಕ ಕೊಡ್ರಿ. ಕಾಗದ ನಿಮ್ಮ ಅಂಗಡಿದು, ಬರಿಯೋ ಕೆಲಸ ನಂದು. ಹುಬ್ಬಳ್ಳಿ ಕಡೆ ಸಹಿ ಮಾಡಸ್ಲಿಕ್ಕೆ ನಾ ಚಿಗರಿದಾಗ ಹೋಗ್ತೀನಿ, ಈ ಕಡೆ ಪೇಟೆದಾಗ ನೀವು ಮಾಡಸ್ರಿ.